ಟಾಕಿಯ ಲಿಂಕು, ಅಜ್ಜಾರ ಮೈಕು

ನಾನು ಮಾಡುತ್ತಿದ್ದ ಕೆಲಸವನ್ನು ಅವ್ವನಿಗೆ ಕೊನೆಯವರೆಗೂ ಸರಿಯಾಗಿ ತಿಳಿಸಿ ಹೇಳಲಾಗಲಿಲ್ಲ. ಯಾರಾದರೂ ಕೇಳಿದರೆ ಆಕೆ, "ನಮ್ಮ ಹುಡುಗ ಕಂಬಾ ನಿಲ್ಲಸ್ತಾನ್ರಿ" ಎಂದುಬಿಡುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಇಲ್ಲೊಂದು ಕಂಬ, ದೂರದಲ್ಲಿ ಇನ್ನೊಂದು ಕಂಬ, ಎರಡರ ತುದಿಗೂ ಮೀನಿನ ಮುಳ್ಳಿನಂಥ ಆಂಟೆನಾ, ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡದಾದ ವೈರ್‌ಲೆಸ್ ಮೋಡೆಮ್. ಇಲ್ಲಿಯ ಅಂಕಿಗಳನ್ನು ಅಲ್ಲಿಗೆ, ಅಲ್ಲಿಯವನ್ನು ಇಲ್ಲಿಗೆ ಅದು ತಂತಿಯಿಲ್ಲದೆ ಮುಟ್ಟಿಸಬೇಕು. ಮುಟ್ಟಿಸಿದಷ್ಟು ದಿನ ನನ್ನನ್ನು ಯಾರೂ ನೆನೆಯುತ್ತಿರಲಿಲ್ಲ. ಒಂದು ದಿನ ಮುಟ್ಟಿಸದಿದ್ದರೆ ಹುಬ್ಬಳ್ಳಿಯಿಂದ ಧಾರವಾಡದವರೆಗೆ ನನ್ನನ್ನು ಬೈಯದವರಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಆಸ್ಪತ್ರೆಯ ಹಿಂದೆ ಒಂದೂವರೆ ಕೋಣೆಯ ಆಫೀಸು. ಮಾಲೀಕರು, ನಾನು, ಒಂದು ಬೆಸುಗೆ ಹಾಕುವ ಕಡ್ಡಿ, ಎತ್ತಿದರೆ ಕೈ ನೋಯುವಂಥ ಒಂದು ಲ್ಯಾಪ್‌ಟಾಪು. ಊರಲ್ಲಿ ಆಗ ಇಂಥ ಕೆಲಸ ಮಾಡುವವರು ಹೆಚ್ಚಿಗೆ ಇರಲಿಲ್ಲವಾದ್ದರಿಂದ ನಾವೇ ಜಾಣರು ಎನ್ನಿಸಿಕೊಂಡಿದ್ದೆವು. ಆ ಜಾಣತನ ಎಷ್ಟೆಂಬುದು ನಮಗೆ ಮಾತ್ರ ಗೊತ್ತಿತ್ತು. ರಾಯಾಪುರದ ಗೋದಾಮೊಂದರಲ್ಲಿ ಹಾಕಿದ ಲಿಂಕು ದಿನಾ ಮಧ್ಯಾಹ್ನ ಸಾಯುತ್ತಿತ್ತು. ಮೋಡೆಮ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ವೇಗ ಇಳಿಸಿದೆ, ಕಂಪನಿಯವರಿಗೆ ಫೋನು ಮಾಡಿ ಜಗಳ ಕಾಯ್ದೆ. ಕೊನೆಗೆ ನೋಡಿದರೆ ಮಧ್ಯಾಹ್ನ ಅರಳೆ ತುಂಬಿದ ಲಾರಿಗಳು ಬಂದು ಆಂಟೆನಾದ ಎದುರಿಗೇ ನಿಲ್ಲುತ್ತಿದ್ದವು. ಕಣ್ಣಿಗೆ ಕಾಣದ್ದನ್ನು ದುರಸ್ತಿ ಮಾಡುವವನ ಪಾಡು ಇದು. ತಪ್ಪು ನನ್ನದೋ, ಯಂತ್ರದ್ದೋ, ನಡುವೆ ಬಂದು ನಿಂತವರದೋ ಗೊತ್ತಾಗುವಷ್ಟರಲ್ಲಿ ಅರ್ಧ ಆಯುಷ್ಯ ಹೋಗಿರುತ್ತಿತ್ತು.

ನಮ್ಮ ಮನೆ ಬೆಂಗೇರಿಯಲ್ಲಿ, ಓಣಿಯ ಕಟ್ಟಕಡೆಗೆ. ಕಡೆಯ ಮನೆ ಎಂದರೆ ನೀರಿನ ಪೈಪಿಗೂ ಕಡೆಯ ಮನೆ. ಎಂಟು ದಿನಕ್ಕೊಮ್ಮೆ ಸರದಿ ಬಂದಾಗಲೂ ನಮ್ಮ ನಳ ಮೊದಲು ಒಂದಿಷ್ಟು ಗಾಳಿ ಊದಿ, ಕೆಮ್ಮಿ, ಆಮೇಲೆ ಮನಸ್ಸಿದ್ದರೆ ನೀರು ಬಿಡುತ್ತಿತ್ತು. ಓಣಿಗೆ ನೀರು ಬರುವುದು ಊರಾಚೆಯ ದಿಬ್ಬದ ಮೇಲಿನ ಟಾಕಿಯಿಂದ. ಟಾಕಿಗೆ ನೀರು ಏರಿಸುವುದು ಕೆಳಗಿನ ಪಂಪ್‌ಹೌಸಿನಿಂದ. ಮೊದಲು ಟಾಕಿಯ ಬಳಿ ಒಬ್ಬ ಮನುಷ್ಯ ಕೂತಿರುತ್ತಿದ್ದ. ತುಂಬಿತೆಂದರೆ ಕೆಳಗಿನವರಿಗೆ ಬ್ಯಾಟರಿಯ ಬೆಳಕು ತೋರಿಸುತ್ತಿದ್ದ. ಒಂದು ಸಂಜೆ ಅವನಿಗೆ ಜೊಂಪು ಹತ್ತಿ, ಟಾಕಿ ತುಂಬಿ ಹರಿದು, ದಿಬ್ಬದ ಕೆಳಗಿನ ಮನೆಯೊಂದರ ಮಣ್ಣಿನ ಗೋಡೆ ಕುಸಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಆಮೇಲೆ ನೀರಿನ ಕೆಲಸ ನೋಡುವ ಸಾಹೇಬರು ಮನುಷ್ಯನನ್ನು ಬೇರೆ ಕಡೆ ಹಾಕಿ, ಅವನ ಜಾಗಕ್ಕೆ ನಮ್ಮ ಡಬ್ಬಿ ತರಿಸಿದರು.

ಕೆಲಸ ಸರಳ. ಕೆಳಗಿನ ಮೋಡೆಮ್ ಆಗಾಗ ಕೇಳಬೇಕು: ನೀರು ಎಷ್ಟು ಬಂತು? ಮೇಲಿನದು ಹೇಳಬೇಕು: ಇಷ್ಟು ಬಂತು. ಮತ್ತೆ ಮತ್ತೆ ಕೇಳಿದರೂ ಉತ್ತರ ಬಾರದಿದ್ದರೆ ಪಂಪು ತಾನಾಗಿಯೇ ನಿಂತುಬಿಡಬೇಕು. ಈ ಕೊನೆಯ ಕರಾರು ಆ ಕುಸಿದ ಗೋಡೆಯ ಕಾಣಿಕೆ. ಕೈಯಿಂದ ಪಂಪು ನಡೆಸುವ ಗುಂಡಿಗೆ ಸಾಹೇಬರು ಬೀಗ ಹಾಕಿ ಕೀಲಿ ಒಯ್ದಿದ್ದರು. ನಾನು ಎರಡೂ ಮೋಡೆಮ್‌ಗಳಿಗೆ ಒಂದೇ ವೇಗ ಕೊಟ್ಟು, ಅವಕ್ಕೆ ತಮ್ಮ ತಮ್ಮ ನಂಬರು ಹೇಳಿಕೊಟ್ಟು, ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಕೂಗಬೇಕು ಎಂಬುದನ್ನೆಲ್ಲ ಕಲಿಸಿ, ಮಳೆನೀರು ಇಳಿಯದಂತೆ ಕೇಬಲ್ಲಿನ ಕೀಲುಗಳಿಗೆ ಟೇಪು ಸುತ್ತಿ ಇಳಿದೆ. ಬೇಸಿಗೆ ಕಳೆಯಿತು, ಮಳೆಗಾಲ ಹಿಡಿಯಿತು, ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ನಮ್ಮ ನಳದ ಕೆಮ್ಮು ಕೂಡ ಕಡಿಮೆಯಾಯಿತು. ಅವ್ವ ಓಣಿಯಲ್ಲಿ ನನ್ನ ಕಂಬದ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡತೊಡಗಿದಳು.

ಆಮೇಲೆ ಶ್ರಾವಣ ಬಂತು.

"ನಿಮ್ಮ ಡಬ್ಬಿ ಮಕ್ಕೊಂಡೈತ್ರಿ," ಎಂದು ಪಂಪಿನ ಕಾಕಾ ಒಂದು ಸಂಜೆ ಆಫೀಸಿಗೆ ಫೋನು ಮಾಡಿದರು. ಪಂಪ್‌ಹೌಸು ನೋಡಿಕೊಳ್ಳುವ ಅವರು ನಿವೃತ್ತಿಗೆ ಹತ್ತಿರವಾದವರು. ನನ್ನ ಮೋಡೆಮ್ ಬಂದ ದಿನದಿಂದಲೂ ಅದರ ಮೇಲೆ ಅವರಿಗೊಂದು ಕಣ್ಣಿತ್ತು. "ದೀಪಾ ಹಚ್ಚೂ ಹೊತ್ತಿಗೆ ಮಕ್ಕೊಂತೈತಿ, ಊಟದ ಹೊತ್ತಿಗೆ ಎದ್ದ ಕುಂಡ್ರತೈತಿ. ಅಷ್ಟೊತ್ತಿಗೆ ಕರೆಂಟ ಹೋಗಿರ್ತೈತಿ. ಟಾಕಿ ಅರ್ಧಾನೂ ಆಗಿಲ್ಲ. ಮುಂಜಾನಿ ಮಂದಿ ಬಂದು ನನ್ನ ಅಂಗಿ ಹಿಡೀತಾರ್ರಿ, ನಿಮ್ಮ ಅಂಗಿ ಹಿಡಿಯೂದಿಲ್ಲ."

ಪಂಪಿಗೆ ಬೇಕಾದ ಕರೆಂಟು ಆ ಭಾಗಕ್ಕೆ ಬರುತ್ತಿದ್ದುದೇ ಸಂಜೆಯ ಆ ಕೆಲವು ತಾಸು. ಆಗ ಟಾಕಿ ತುಂಬದಿದ್ದರೆ ಮರುದಿನ ಯಾರ ಸರದಿಯೋ ಅವರಿಗೆ ನೀರಿಲ್ಲ. ಅರ್ಧ ತುಂಬಿದರೆ ಓಣಿಯ ಮೊದಲ ಮನೆಗಳಿಗೆ ಉಂಟು, ಕಡೆಯ ಮನೆಗಳಿಗೆ ಗಾಳಿ. ಎಂದರೆ ನಮಗೆ ಗಾಳಿ. ನಾನು ದಿನಾ ಸಂಜೆ ಪಂಪ್‌ಹೌಸಿಗೆ ಹೋಗಿ ಲ್ಯಾಪ್‌ಟಾಪು ಹಚ್ಚಿಕೊಂಡು ಕೂತೆ. ಕೇಳಿದ್ದೆಷ್ಟು, ಉತ್ತರ ಬಂದದ್ದೆಷ್ಟು ಎಂಬ ಅಂಕಿ ತೆರೆಯ ಮೇಲೆ ಮೂಡುತ್ತಿತ್ತು. ಹಗಲೆಲ್ಲ ಚೆನ್ನಾಗಿದ್ದು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕುಸಿಯುತ್ತಿತ್ತು. ವೇಗ ಇಳಿಸಿದೆ. ಶಕ್ತಿ ಏರಿಸಿದೆ. ಕೂಗುವ ಸಲ ಹೆಚ್ಚಿಸಿದೆ. ಟಾಕಿ ಹತ್ತಿ ಆಂಟೆನಾ ಅಲ್ಲಾಡಿಸಿ ಬಂದೆ. ಒಮ್ಮೆ ಸಿಟ್ಟಿಗೆ ಮೋಡೆಮ್ಮಿನ ತಲೆಯ ಮೇಲೊಂದು ಕೊಟ್ಟೆ. ಕಾಕಾ, "ನಾನೂ ಕೊಟ್ಟ ನೋಡೇನ್ರಿ, ಏನೂ ಉಪಯೋಗಿಲ್ಲ," ಎಂದರು.

ಮನೆಯಲ್ಲಿ ಅವ್ವನಿಗೆ ಇದಾವುದರ ಗೊಡವೆಯಿರಲಿಲ್ಲ. ಆಕೆಗೆ ಶ್ರಾವಣ ಬಂದಿತ್ತು.

ಅಪ್ಪ ಹೋದ ಮೇಲೆ ಅವ್ವನ ಕಿವಿ ಬೇಗ ಬೇಗ ಮಂದವಾಗುತ್ತ ಬಂದಿತ್ತು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡಿಸಿದ್ದೆ. "ಕಿವ್ಯಾಗ ಹುಳಾ ಹೊಕ್ಕಂಗ ಆಗ್ತೈತಿ," ಎಂದು ಅದನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ನಡುವೆ ಮಲಗಿಸಿದ್ದಳು. ನನ್ನ ಮಾತೂ ಆಕೆಗೆ ಕೂಗಿದರೆ ಮಾತ್ರ ಕೇಳುತ್ತಿತ್ತು. ಕೂಗಿ ಆಡುವ ಮಾತು ಬಹಳ ಇರುವುದಿಲ್ಲವಾದ್ದರಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ವರ್ಷದಲ್ಲಿ ಒಂದು ತಿಂಗಳು ಮಾತ್ರ ಮನೆಯಲ್ಲಿ ಮಾತು ಇರುತ್ತಿತ್ತು. ಶ್ರಾವಣದಲ್ಲಿ ಸಂಜೆಗೊಮ್ಮೆ ಹತ್ತಿರದ ಮಠದಲ್ಲಿ ಅಜ್ಜಾರ ಪ್ರವಚನ. ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಎಂದೇ ಕರೆಯುವುದು. ಅವ್ವ ಹೋಗಿ ಕೇಳಿ ಬಂದು, ನನಗೆ ರೊಟ್ಟಿ ಬಡಿಸುತ್ತ ಆ ದಿನದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ನನಗೆ ಪುರಾಣದ ರುಚಿ ಅಷ್ಟಕ್ಕಷ್ಟೆ. ಆದರೂ ಅವ್ವ ಬಾಯಿತುಂಬ ಮಾತಾಡುವುದನ್ನು ಕೇಳುತ್ತ ಉಣ್ಣುವುದು ನನಗೆ ಬೇಕಾಗಿತ್ತು.

ಆ ವರ್ಷ ಆಕೆಯ ಉತ್ಸಾಹಕ್ಕೆ ಇನ್ನೊಂದು ಕಾರಣವಿತ್ತು. ಅಜ್ಜಾರು ಕೂತು ಪ್ರವಚನ ಮಾಡುವವರಲ್ಲ. ಕೂತರೆ ಅವರಿಗೆ ಮಾತು ಬರುತ್ತಿರಲಿಲ್ಲವಂತೆ. ಕೋಲು ಊರಿಕೊಂಡು ಹೆಣ್ಣುಮಕ್ಕಳ ಸಾಲು, ಗಂಡಸರ ಸಾಲುಗಳ ನಡುವೆ ನಡೆಯುತ್ತ, ಒಬ್ಬೊಬ್ಬರ ಎದುರು ನಿಂತು ಹೇಳಬೇಕು. ದನಿ ಮೊದಲೇ ಸಣ್ಣದು, ಗಂಟಲಿನ ಕಾಯಿಲೆಯಾದ ಮೇಲೆ ಇನ್ನೂ ಸಣ್ಣದಾಗಿತ್ತು. ಹಿಂದಿನ ವರ್ಷ ಮೈಕಿನ ವೈರು ಕೋಲಿಗೆ ಸುತ್ತಿಕೊಂಡು ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಅದನ್ನು ಕಂಡು ಅರಳೆ ವ್ಯಾಪಾರದ ಭಕ್ತರೊಬ್ಬರು ತೀರಿಹೋದ ತಮ್ಮ ತಾಯಿಯ ಹೆಸರಿನಲ್ಲಿ, ಕೊರಳಿಗೆ ಸಿಕ್ಕಿಸಿಕೊಳ್ಳುವ, ವೈರೇ ಇಲ್ಲದ ಮೈಕನ್ನು ಸೇವೆಯಾಗಿ ಕೊಟ್ಟಿದ್ದರು. ಜೊತೆಗೊಂದು ದೊಡ್ಡ ಸ್ಪೀಕರು ಪೆಟ್ಟಿಗೆ. ಅದನ್ನಿಟ್ಟದ್ದು ಹೆಣ್ಣುಮಕ್ಕಳು ಕೂಡುವ ಕಡೆ. ಅವ್ವ ಮೊದಲ ದಿನವೇ ಅದಕ್ಕೆ ಬೆನ್ನು ಕೊಟ್ಟು ಕೂತವಳು ಆ ಜಾಗ ಬಿಟ್ಟುಕೊಡಲಿಲ್ಲ.

"ಒಂದೊಂದ ಅಕ್ಷರ ಕೇಳ್ತೈತೋ ಯಪ್ಪಾ," ಎಂದಳು. "ಬೆನ್ನಾಗ ಹೊಕ್ಕು ಎದ್ಯಾಗ ಬರ್ತೈತಿ."

ಆಕೆಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಆ ವಾರವೇ ಧಾರವಾಡದ ಕೆಲಸಕ್ಕೆ ಹೋಗಿದ್ದ ನಮ್ಮ ರೇಡಿಯೋ ಸೆಟ್ಟು ವಾಪಸು ಬಂತು. ನಮ್ಮ ತರಂಗದಲ್ಲಿ ಬೇರೆ ಯಾರಾದರೂ ಬಾಯಿ ಹಾಕುತ್ತಿದ್ದಾರೆಯೇ ಎಂದು ಕಿವಿಗೊಡಲು ಇದ್ದ ಸಾಧನ ಅದೊಂದೇ. ಸಂಜೆ ಪಂಪ್‌ಹೌಸಿನ ಮೂಲೆಯಲ್ಲಿ ಕೂತು ಹಚ್ಚಿದೆ. ಮೊದಲು ಮೋಡೆಮ್ಮುಗಳ ಕರ್ ಕರ್ ಸದ್ದು. ಆಮೇಲೆ ಅದನ್ನು ಒತ್ತಿ ಒಂದು ದನಿ. ಸಣ್ಣದು, ಮುಪ್ಪಿನದು, ಆದರೆ ಕಿವಿಯ ಪಕ್ಕವೇ ಕೂತು ಹೇಳಿದಂತೆ.

"...ದಿನಾ ಎಲ್ಲಾ ಎತ್ತು ಹುಡುಕಿದ. ಸಿಕ್ಕ ಸಿಕ್ಕ ಮಂದೀನ್ನೆಲ್ಲಾ ಕೇಳಿದ. ಸಂಜೀಕ ಸೋತು ಮನಿಗೆ ಬಂದ್ರ ಎತ್ತು ಗ್ವಾದಲ್ಯಾಗ ಮೇಯಾಕತ್ತೇತಿ. ಹೆಂಡತಿ ಮ್ಯಾಲೆ ಹರಿಹಾಯ್ದ, ಯಾಕ ಹೇಳಲಿಲ್ಲಂತ. ಆಕಿ ಅಂದ್ಳು, ನೀವು ಊರನ್ನ ಕೇಳಿದ್ರಿ, ಮನೀನ್ನ ಎಲ್ಲಿ ಕೇಳಿದ್ರಿ..." ಆಮೇಲೆ ಒಂದು ದೀರ್ಘ ಕೆಮ್ಮು.

ಕಾಕಾ ಎದ್ದುಬಂದು ಸೆಟ್ಟಿಗೆ ಕೈಮುಗಿದರು. "ಅಜ್ಜಾರ ದನಿ ಅಲ್ಲೇನ್ರಿ ಇದು! ಇದರಾಗ ಹೆಂಗ ಬಂದ್ರು?"

ನನಗೆ ಕೈಮುಗಿಯಲೂ ತೋಚಲಿಲ್ಲ. ಮಠದ ವೈರಿಲ್ಲದ ಮೈಕು ನಮ್ಮದೇ ತರಂಗದ ಮೇಲೆ ಕೂತಿತ್ತು. ಮನೆಗೆ ಹೋಗಿ ಊಟಕ್ಕೆ ಕೂತೆ. ಅವ್ವ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, "ಇವತ್ತ ಏನ ಹೇಳಿದ್ರಂದ್ರ, ಒಬ್ಬಾಂವ ಎತ್ತ ಕಳಕೊಂಡಿದ್ನಂತ," ಎಂದು ಸುರುಮಾಡಿದಳು. ಒಂದು ಮಾತೂ ಬಿಡಲಿಲ್ಲ. ಊರನ್ನು ಕೇಳಿದಿರಿ, ಮನೆಯನ್ನೆಲ್ಲಿ ಕೇಳಿದಿರಿ ಎಂಬಲ್ಲಿಗೆ ಬಂದು, "ಅಲ್ಲಿಗೆ ಪಾಪ, ಅಜ್ಜಾರಿಗೆ ಕೆಮ್ಮ ಬಂತು," ಎಂದೂ ಸೇರಿಸಿದಳು. ಓಣಿಯ ನೀರು ನಿಲ್ಲಿಸುತ್ತಿದ್ದುದು ನನ್ನ ಅವ್ವನ ಕಿವಿಗೆ ಬಿದ್ದ ಆ ದನಿಯೇ ಎಂದು ನಾನು ಹೇಗೆ ಕೂಗಿ ಹೇಳಲಿ?

ಮರುದಿನದಿಂದ ನನ್ನ ಬಿಡಿಸಿಕೊಳ್ಳುವ ಪ್ರಯತ್ನ. ನಮ್ಮ ತರಂಗ ಬದಲಾಯಿಸೋಣವೆಂದರೆ ಅದಕ್ಕೆ ಪರವಾನಗಿ ಕೊಟ್ಟವರು ದಿಲ್ಲಿಯವರು. ಮೊದಲ ಪರವಾನಗಿಗೆ ಕಾದೂ ಕಾದೂ ಮಾಲೀಕರ ಗಡ್ಡ ಬೆಳ್ಳಗಾಗಿತ್ತು. ಮೈಕು ಬದಲಾಯಿಸೋಣವೆಂದರೆ ಅಂಗಡಿಯಲ್ಲಿದ್ದವೆಲ್ಲ ಅದೇ ತರಂಗದ ಸರಕು. ಬೇರೆಯದು ಮುಂಬೈಯಿಂದ ಬರಬೇಕು. "ಗಣಪತಿಗೆ ಬಂದ ಬಿಡ್ತೈತ್ರಿ," ಎಂದ ಅಂಗಡಿಯವನು, ಶ್ರಾವಣ ಮುಗಿದ ಮೇಲೆ ಬರುವುದೂ ಒಂದು ಬರುವಿಕೆ ಎಂಬಂತೆ. ಮುಂಗಡ ಕೊಟ್ಟು ಬಂದೆ. ಆಂಟೆನಾಗಳ ಮೂತಿಯನ್ನು ಮಠದಿಂದ ಬೇರೆ ಕಡೆ ತಿರುಗಿಸೋಣವೆಂದರೆ ಪಂಪ್‌ಹೌಸಿಗೂ ಟಾಕಿಗೂ ಗೆರೆ ಎಳೆದರೆ ಮಠ ಆ ಗೆರೆಯ ಮೇಲೇ ಕೂತಿತ್ತು. ಕೊನೆಗೆ ನಿಂತಿದ್ದ ಆಂಟೆನಾಗಳ ಕಡ್ಡಿಗಳನ್ನು ಎರಡೂ ಕಡೆ ಅಡ್ಡ ಮಲಗಿಸಿದೆ. ಹಾಗೆ ಮಾಡಿದರೆ ನಿಂತ ಆಂಟೆನಾದಿಂದ, ಎಂದರೆ ಅಜ್ಜಾರ ಮೈಕಿನಿಂದ, ಬರುವ ಸದ್ದು ಕಡಿಮೆ ಕೇಳುತ್ತದೆ.

ಅದರಿಂದ ಸ್ವಲ್ಪ ಗುಣವಾಯಿತು. ಆದರೆ ಪೂರ್ತಿಯಲ್ಲ, ಅರ್ಧಂಬರ್ಧ. ತೆರೆಯ ಅಂಕಿ ಏರುವುದು, ಬೀಳುವುದು, ಏರುವುದು, ಬೀಳುವುದು. ರೇಡಿಯೋ ಕಿವಿಗಿಟ್ಟು ನೋಡುತ್ತ ಕೂತಾಗ ಅದರ ಗುಟ್ಟು ತಿಳಿಯಿತು. ಗಂಡಸರು ಕೂಡುತ್ತಿದ್ದುದು ಮಠದ ಕಲ್ಲಿನ ಗೋಡೆಯ ಒಳಗೆ. ಅಜ್ಜಾರು ಅತ್ತ ಹೋದರೆ ಗೋಡೆ ಅಡ್ಡವಾಗಿ ನಮ್ಮ ಲಿಂಕು ಉಸಿರಾಡುತ್ತಿತ್ತು. ಹೆಣ್ಣುಮಕ್ಕಳು ಕೂಡುತ್ತಿದ್ದುದು ಪಂಪ್‌ಹೌಸಿನ ಕಡೆಗೆ ತೆರೆದ ತಗಡಿನ ಚಪ್ಪರದಲ್ಲಿ. ಅಜ್ಜಾರು ಅತ್ತ ಬಂದು, "ಏನವಾ, ಕೇಳ್ತೈತಿ?" ಎಂದು ವಿಚಾರಿಸುತ್ತಿದ್ದಂತೆ ಅಂಕಿ ದಡದಡ ಇಳಿದು, ನನ್ನ ಬೆನ್ನ ಹಿಂದಿನ ಮೋಟಾರು ಗುಂಯ್ ಎಂದು ನಿಲ್ಲುತ್ತಿತ್ತು. ಅಜ್ಜಾರು ಅವ್ವನ ಸಮೀಪ ಬಂದರೆಂದರೆ ಟಾಕಿಗೆ ನೀರು ನಿಂತಿತು. ದೂರ ಹೋದರೆ ಮತ್ತೆ ಏರಿತು. ನಾನು ನಡುವೆ ಕೂತು ಎರಡನ್ನೂ ನೋಡಬೇಕು. ಅಜ್ಜಾರು ಅತ್ತಲೇ ಇರಲಿ ಎಂದು ಒಮ್ಮೆ ಮನಸ್ಸಿನಲ್ಲಿ ಬೇಡಿಕೊಂಡು, ಮರುಗಳಿಗೆಯೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾಲೀಕರಿಗೆ ಹೇಳಿದೆ. "ಕಾಯ್ದೆ ನಮ್ಮ ಕಡೆ ಐತಿ," ಎಂದರು ಅವರು ಮೀಸೆ ಒರೆಸಿಕೊಂಡು. "ಪರವಾನಗಿ ನಮ್ಮದು. ಒಂದ ಅರ್ಜಿ ಒಗದ್ರ ಬಂದು ಮೈಕ ಎತ್ತಿಕೊಂಡ ಹೋಗ್ತಾರ." ಆಮೇಲೆ ದನಿ ಇಳಿಸಿದರು. "ಆದ್ರ ಒಗಿಯೋರ ಯಾರು? ನಮ್ಮ ಮನ್ಯಾಗಿನೋರೂ ಅಲ್ಲೇ ಹೋಗ್ತಾರ. ನನಗ ಊಟಾ ಹಾಕಬೇಕೋ ಬ್ಯಾಡೋ?"

"ಟಾಕಿ ಮ್ಯಾಲೆ ಒಂದ ತಿಂಗಳ ಮನಷ್ಯಾನ್ನ ಕುಂಡ್ರಸೂಣೇನ್ರಿ?"

"ಹಂಗಾದ್ರ ನಿಮ್ಮ ಡಬ್ಬಿ ಯಾಕ ತಗೊಂಡಿವಿ ಅಂತ ಕೇಳ್ತಾರ ಸಾಹೇಬ್ರು. ನೀವು ಮಠಕ್ಕ ಹೋಗ್ರಿ. ಪ್ರವಚನ ಒಂದ ತಾಸು ಮುಂದಕ್ಕ ಹಾಕ್ರಿ ಅಂತ ಕೇಳ್ರಿ. ಅಷ್ಟೊತ್ತಿಗೆ ಟಾಕಿ ತುಂಬಿರ್ತೈತಿ."

ಇದು ಒಳ್ಳೆಯ ಉಪಾಯವಾಗಿತ್ತು. ಒಂದು ತಾಸಿನ ಮಾತು. ಅವ್ವನ ಸ್ಪೀಕರೂ ಉಳಿಯುತ್ತಿತ್ತು, ಓಣಿಯ ನೀರೂ ಬರುತ್ತಿತ್ತು. ಹೋದೆ. ಆದರೆ ಮಠಕ್ಕೆ ಹೋಗಿ ಒಂದು ಮಾತು ಕೇಳಿ ಬರುವುದು ಹೋಗದವರಿಗೆ ಮಾತ್ರ ಸುಲಭ. ಮೊದಲ ಸಲ ಬಾಗಿಲಲ್ಲೇ, "ಬರ್ರಿ ಬರ್ರಿ, ಮೊದಲ ಪ್ರಸಾದ ಮಾಡ್ರಿ," ಎಂದು ಎಲೆಯ ಮುಂದೆ ಕೂಡಿಸಿದರು. ಗೋಧಿ ಹುಗ್ಗಿ ತಿಂದು, ಕೈತೊಳೆದು ಬರುವಷ್ಟರಲ್ಲಿ ಅಜ್ಜಾರು ಮಲಗಿದ್ದರು. ಎರಡನೆಯ ಸಲವೂ ಹುಗ್ಗಿಯೇ. ಅಲ್ಲಿಯ ಹಿರಿಯರೊಬ್ಬರು ನನ್ನ ಮಾತೆಲ್ಲ ಕೇಳಿ, "ಹೌದೌದ್ರಿ, ಖರೇನ ಐತಿ," ಎಂದು ತಲೆಯಾಡಿಸಿ, ಇನ್ನೊಂದು ಸೌಟು ತುಪ್ಪ ಹಾಕಿಸಿದರು. ನಮ್ಮಲ್ಲಿ ಇಲ್ಲ ಎನ್ನುವ ರೀತಿ ಅದು. ಹೊಟ್ಟೆ ತುಂಬಿದ್ದರಿಂದ ನನಗೆ ಜಗಳ ಮಾಡಲೂ ಆಗಲಿಲ್ಲ.

ಮೂರನೆಯ ಸಲ ಮುಂಜಾನೆ ಹೋದೆ. ಅಜ್ಜಾರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾಲ್ಕಾರು ಮಂದಿ ಭಕ್ತರು ಸುತ್ತ ಇದ್ದರು. ಎದುರಿಗೆ ಹೋದವನು ರೂಢಿಯಂತೆ ಅಡ್ಡಬಿದ್ದೆ. ಹಣೆ ಪಾದಕ್ಕೆ ಮುಟ್ಟಿದ್ದಾಗಲೇ ಮೇಲಿಂದ ಆ ಸಣ್ಣ ದನಿ, "ಹೇಳು ತಮ್ಮಾ, ಏನ ಆಗಬೇಕು?" ಎಂದಿತು.

ಎದ್ದು ಕೂತು, ಮೊದಲು ಟಾಕಿ, ಆಮೇಲೆ ಮೋಡೆಮ್, ಆಮೇಲೆ ಒಂದು ತಾಸಿನ ಮಾತು, ಹೀಗೆ ಸಾಲಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಎದ್ದು ಕೂಡುವ ಮೊದಲೇ ಬಾಯಿ ತೆರೆದುಬಿಟ್ಟೆ. "ಅಜ್ಜಾರ, ನಿಮ್ಮ ಮೈಕಿನಿಂದ ಟಾಕಿಗೆ ನೀರ ಏರವಲ್ದ್ರಿ, ಓಣಿ ಮಂದಿಗೆ ನೀರಿಲ್ದಂಗ ಆಗೇತ್ರಿ, ಅದಕ್ಕ..."

"ಆತು," ಎಂದರು ಅಜ್ಜಾರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾದದ ಮೇಲೆ ತಲೆಯಿಟ್ಟು ಕೇಳಿದ್ದನ್ನು ಆ ಮಠದಲ್ಲಿ ಪೂರ್ತಿ ಕೇಳುವ ಪದ್ಧತಿಯಿಲ್ಲ. ಅರ್ಧ ಮಾತಿಗೇ ಆತು ಎನ್ನುತ್ತಾರೆ. ಆತು ಎಂದದ್ದನ್ನು ತಿರುಗಿ ತೆಗೆದುಕೊಳ್ಳುವ ಪದ್ಧತಿಯೂ ಇಲ್ಲ. ಕೂತು ಕೇಳಿದ್ದರೆ ಚರ್ಚೆಯಾಗುತ್ತಿತ್ತು. ಬಿದ್ದು ಕೇಳಿದ್ದಕ್ಕೆ ವರವಾಯಿತು.

"ಅಲ್ರಿ ಅಜ್ಜಾರ, ನಾ ಅದನ್ನ ಕೇಳಾಕ ಬಂದಿಲ್ರಿ. ವ್ಯಾಳ್ಯಾ ಒಂದ ತಾಸು..."

"ನೀರಿನ ಮುಂದ ನಮ್ಮ ಮಾತೇನ ದೊಡ್ಡದ, ತಮ್ಮಾ? ಆತು ಅಂದೇನಲ್ಲ." ಅಲ್ಲೇ ಇದ್ದ ಸೇವಕರನ್ನು ಕರೆದು, "ಆ ಮೈಕು, ಪೆಟಗಿ ಕಟ್ಟಿಡ್ರಿ. ಕೊಟ್ಟೋರಿಗೆ ನಾವು ಹೇಳ್ತೇವಿ," ಎಂದರು. ಸುತ್ತಲಿದ್ದವರು, "ಎಂಥಾ ದೊಡ್ಡ ಮನಸು," ಎಂದು ಕಣ್ಣಿಗೆ ಕೈ ಒತ್ತಿಕೊಂಡರು. ಯಾರೋ ನನ್ನ ಕೈಗೆ ಸಕ್ಕರೆ ಹಾಕಿದರು. ನನ್ನ ಕಣ್ಣೆದುರಿಗೇ ಸ್ಪೀಕರು ಪೆಟ್ಟಿಗೆ ಒಳಗೆ ಹೋಯಿತು. ಅವ್ವನ ಬೆನ್ನು ತಾಗಿ ತಾಗಿ ಅದರ ಬಟ್ಟೆಯ ಒಂದು ಮೂಲೆ ಹೊಳೆಯುತ್ತಿತ್ತು.

ಆ ಸಂಜೆ ಲಿಂಕು ಒಂದು ಉತ್ತರವನ್ನೂ ತಪ್ಪಿಸಲಿಲ್ಲ. ರೇಡಿಯೋ ಹಚ್ಚಿದರೆ ಮೋಡೆಮ್ಮುಗಳ ಕರ್ ಕರ್ ಬಿಟ್ಟು ಏನೂ ಇಲ್ಲ. ಕಾಕಾ ನನಗೆ ಚಹಾ ತರಿಸಿ, "ಈಗ ಶ್ಯಾಣ್ಯಾ ಆತ್ ನೋಡ್ರಿ ನಿಮ್ಮ ಡಬ್ಬಿ," ಎಂದರು. ಇಂಥ ಸ್ವಚ್ಛ ಲಿಂಕನ್ನು ನಾನು ನನ್ನ ಕೆಲಸದಲ್ಲಿ ಮತ್ತೆ ಕಂಡಿಲ್ಲ.

ಮನೆಗೆ ಬಂದು ಅವ್ವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ, "ಇವತ್ತ ಕೇಳಿಸ್ತೇನವ್ವಾ?"

"ಯಾಕ ಕೇಳ್ಸೂದಿಲ್ಲ? ಪೆಟಗಿ ತಗದಾರ. ನಾ ಎಲ್ಲಾರಕಿಂತ ಮುಂದ ಹೋಗಿ ಕುಂತೆ," ಎಂದಳು. ಪೆಟ್ಟಿಗೆ ಯಾಕೆ ತೆಗೆದರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ರೊಟ್ಟಿ ಬಡಿಸುತ್ತ ಕಥೆ ಸುರುಮಾಡಿದಳು. ಮುಂದಿನ ಸಾಲು ಸಾಕಾಯಿತಲ್ಲ, ಬರಿದೇ ಇಷ್ಟು ಸಂಕಟಪಟ್ಟೆನಲ್ಲ ಎಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಅಲ್ಲಿಂದ ಮುಂದೆ ದಿನಾ ಒಂದು ಕಥೆ. ಮೊದಲಿಗಿಂತ ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ. ಅತ್ತೆ ಎದುರು ಕೂತಿದ್ದಾಳೆಂದು ಹೆದರಿ ಸಾರಿಗೆ ಎರಡು ಸಲ ಉಪ್ಪು ಹಾಕಿದ ಸೊಸೆ, ಅದನ್ನು ತುಟಿಪಿಟಕ್ಕೆನ್ನದೆ ಉಂಡ ಅವಳ ಗಂಡ. ಹೆಂಡತಿಗೆ ಹಸಿರು ಸೀರೆಯೆಂದು ಅಂಗಡಿಯ ಹಳದಿ ದೀಪದಲ್ಲಿ ನೋಡಿ ಕಂದು ಸೀರೆ ತಂದವನು, ಅವನು ಸಾಯುವ ತನಕ ಅದನ್ನು ಹಸಿರು ಎಂದೇ ಕರೆದ ಹೆಂಡತಿ.

"ಅಜ್ಜಾರ ಪುರಾಣದಾಗ ಈ ವರ್ಷ ದೇವರು ಕಡಿಮಿ, ಅಡಗಿಮನಿ ಜಾಸ್ತಿ ಆಗೇತ್ ನೋಡವ್ವಾ," ಎಂದು ಕೂಗಿ ಚೇಷ್ಟೆ ಮಾಡಿದೆ. "ನಮ್ಮಪ್ಪನೂ ನಿನಗ ಹಿಂಗ ಒಂದ ಸೀರಿ ತಂದಿದ್ನಲ್ಲ?"

ಅವ್ವ ನಕ್ಕಳು. "ಲೋಕದಾಗ ಎಲ್ಲಾರೂ ಒಂದ ನಮೂನಿ ಇರ್ತಾರೋ ಯಪ್ಪಾ."

ಶ್ರಾವಣದ ಕೊನೆಯ ಸೋಮವಾರ ನಮ್ಮ ಓಣಿಯ ನೀರಿನ ಸರದಿ. ನಳ ಒಂದೇ ಒಂದು ಸಲವೂ ಕೆಮ್ಮದೆ ಧೋ ಎಂದು ಬಿಟ್ಟಿತ್ತು. ನಾನು ಕೊಡ ಹಿಡಿದು ನಿಂತಿದ್ದೆ. ನಾವೆಲ್ಲ ಕಾಕು ಎನ್ನುತ್ತಿದ್ದ ಪಕ್ಕದ ಮನೆಯಾಕೆ ತಮ್ಮ ಕೊಡ ಇಳಿಸಿ, "ಇವತ್ತ ಶ್ರಾವಣದ ಮಂಗಲ ಅಂತ ಮಠದಾಗ. ಬರ್ತೀರೇನು?" ಎಂದರು. "ಪ್ರವಚನ ಅಂತೂ ಇಲ್ಲ, ದರ್ಶನಾನ ಆಗ್ತೈತಿ."

"ಯಾಕ್ರಿ, ಪ್ರವಚನ ಯಾಕಿಲ್ಲ?"

"ನಿಮಗ ಗೊತ್ತಿಲ್ಲೇನು? ಮೈಕ ಬಿಟ್ಟ ಮ್ಯಾಲೆ ಎರಡ ದಿನ ಒದರಿ ಒದರಿ ಹೇಳಿದ್ರು ಪಾಪ. ಆ ಗಂಟಲು ತಡೀತೈತೇನು? ಪೂರಾ ಕಟ್ಟಿ ಬಿಡ್ತು. ಮಾತ ಆಡಲೇಬ್ಯಾಡ್ರಿ ಅಂದಾರ ಡಾಕ್ಟರು. ಆದ್ರೂ ದಿನಾ ಬರ್ತಾರ. ಕೋಲ ಊರಕೋತ ಸುಮ್ನ ನಮ್ಮ ನಡು ಅಡ್ಡಾಡ್ತಾರ. ನಾವೂ ಸುಮ್ನ ಕುಂತು, ಕೈಮುಗದು ಬರ್ತೇವಿ." ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮವ್ವನ್ನ ನೋಡಿದ್ರ ಹೊಟ್ಟಿ ಚುರ್ ಅಂತೈತ್ರಿ. ಎಲ್ಲಾರಕಿಂತ ಮುಂದ ಕುಂಡ್ರತಾರ. ಕಣ್ಣ ಮುಚ್ಚಿ, ಕೇಳಿದಂಗ ತಲಿ ತೂಗತಾರ. ಅಲ್ಲಿ ಒಂದ ಸೂಜಿ ಬಿದ್ರೂ ಕೇಳ್ತೈತಿ. ಅಂಥಾದ್ರಾಗ ಅವ್ರಿಗೆ ಒದರಿ ಹೇಳೋದು ಹೆಂಗ? ನಾವ್ಯಾರೂ ಹೇಳಿಲ್ಲ."

ನನ್ನ ಕೊಡ ತುಂಬಿ ಕಾಲ ಮೇಲೆ ಹರಿಯುತ್ತಿತ್ತು. ಕಾಕುವೇ ಅದನ್ನು ಸರಿಸಿ ತಮ್ಮ ಕೊಡ ಇಟ್ಟರು.

ಎಲ್ಲರೂ ಮೌನವಾಗಿ ಕೂತ ಜಾಗದಲ್ಲಿ ಅವ್ವನೊಬ್ಬಳೇ ತಲೆದೂಗುತ್ತಿದ್ದಳು. ಅಜ್ಜಾರು ಹೇಳುತ್ತಲೇ ಇದ್ದಾರೆ, ಓಣಿಯೆಲ್ಲ ಕೇಳುತ್ತಿದೆ, ತನ್ನ ಕಿವಿಯೊಂದೇ ಪೂರ್ತಿ ಹೋಗಿದೆ ಎಂದುಕೊಂಡು. ಅದು ನನಗೆ ಗೊತ್ತಾಗಬಾರದೆಂದು ದಾರಿಯುದ್ದಕ್ಕೂ ಒಂದು ಕಥೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು. ಅವ್ವಾ, ನಿನ್ನ ಕಿವಿಯದು ತಪ್ಪಲ್ಲ, ಅಲ್ಲಿ ಮಾತೇ ಇಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಇಷ್ಟು ದಿನದ ಕಥೆಗಳೆಲ್ಲ ಯಾರವು ಎಂಬುದು ನಮ್ಮಿಬ್ಬರ ನಡುವೆ ಬಂದು ಕೂಡುತ್ತಿತ್ತು. ಎರಡು ಕಂಬಗಳ ನಡುವೆ ಯಾವ ಅಡ್ಡಿ ಬಂದರೂ ಹುಡುಕಿ ತೆಗೆಯುವವನು ನಾನು. ಇದಕ್ಕೆ ನನ್ನಲ್ಲಿ ಯಾವ ಉಪಾಯವೂ ಇರಲಿಲ್ಲ. ಬಚ್ಚಲಿಗೆ ಹೋಗಿ ಕೊಡ ಬರಿದುಮಾಡುತ್ತ ಅತ್ತುಬಿಟ್ಟೆ.

ಸಂಜೆ ಅವ್ವ ಮಂಗಲ ಮುಗಿಸಿ ಬಂದಳು. ಹಣೆಯ ತುಂಬ ವಿಭೂತಿ, ಸೆರಗಿನಲ್ಲಿ ಕಟ್ಟಿದ ಪ್ರಸಾದ. ಕೈತೊಳೆದು ತಾಟು ಹಾಕಿ ರೊಟ್ಟಿ ಬಡಿಸಿದಳು. ನಾನು ಎಂದಿನಂತೆ ಕೂಗಿ ಕೇಳಿದೆ, "ಇವತ್ತ ಏನ ಹೇಳಿದ್ರವ್ವಾ ಅಜ್ಜಾರು?"

ಪಲ್ಯದ ಸೌಟು ಹಿಡಿದ ಕೈ ಒಂದು ಕ್ಷಣ ನಿಂತಿತು. ಕಣ್ಣು ಗೋಡೆಯ ಕಡೆ ಹೋಗಿ ಅಲ್ಲೇ ಏನನ್ನೋ ಹುಡುಕಿತು. ಹಿಂದಿನ ದಿನಗಳಲ್ಲೂ ಆ ಕೈ ಹೀಗೇ ನಿಂತಿರಬೇಕು. ಆಗೆಲ್ಲ ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

"ಇವತ್ತಿಂದು ದೊಡ್ಡದೈತಿ," ಎಂದಳು ಅವ್ವ, ಪಲ್ಯ ಹಾಕುತ್ತ. "ಒಂದ ಊರಾಗ ಒಬ್ಬಾಕಿ ಇದ್ಲಂತ..."

"ಹ್ಞೂಂ," ಎಂದೆ. ಆಕೆಗೆ ಕೇಳಲಿಲ್ಲ. ಮುಖವೆತ್ತಿ, ಆಕೆಗೆ ಕಾಣುವಂತೆ ತಲೆದೂಗಿದೆ.